ಎಡಕ್ಕೆ ಬಿದ್ದ ಹೂವು

ಶಿಡ್ಲಘಟ್ಟದಲ್ಲಿ ನಾನು ರೇಷ್ಮೆ ನೂಲು ಬಿಚ್ಚುವ ಕಡೆ ಜೊತೆಗೆ ಕೆಲಸ ಮಾಡುವ ಹೆಂಗಸರು ಆಗಾಗ ಒಂದೇ ಪ್ರಶ್ನೆ ಕೇಳುತ್ತಾರೆ.

"ಅಜ್ಜೀ, ದೇವ್ರೇ ಇಲ್ಲ ಅಂತೀಯಲ್ಲ, ನಿಂಗೆ ಭಯ ಆಗಲ್ವಾ?"

"ಭಯ ಇದ್ದಿದ್ದು ದೇವ್ರು ಇದ್ದಾಗ ಕಣಮ್ಮ" ಅನ್ನುತ್ತೇನೆ.

ನಗುತ್ತಾರೆ, ಆದರೆ ಬಿಡುವುದಿಲ್ಲ. ಹೇಗೆ ಬಿಟ್ಟೆ, ಬಿಟ್ಟ ಮೇಲೆ ಏನೂ ಆಗಲಿಲ್ಲವೇ, ನಾವೂ ಬಿಟ್ಟರೆ ಏನಾಗುತ್ತದೆ ಎಂದು ಕೇಳುತ್ತಲೇ ಇರುತ್ತಾರೆ. ಕೆಲಸದ ನಡುವೆ ಮಾತಿಗೆ ನಿಂತರೆ ಎಳೆ ಕಿತ್ತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಅಕ್ಷರ ಕಲಿತದ್ದು ತಲೆ ನೆರೆತ ಮೇಲೆ. ದೊಡ್ಡ ಮಾತು ಬರೆಯಲು ಬಾರದು, ನಡೆದದ್ದನ್ನು ಬರೆಯಬಲ್ಲೆ.

ಇದು ನಮ್ಮ ಊರುಗಳೆಲ್ಲ ಇನ್ನೂ ಕೋಲಾರ ಜಿಲ್ಲೆಗೇ ಸೇರಿದ್ದ ಕಾಲದ ಮಾತು. ಮಗಳನ್ನು ಗೌರಿಬಿದನೂರಿನ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದೆ. ಅಳಿಯ ಕುಡುಮಲಕುಂಟೆಯ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುತ್ತಿದ್ದ. ಒಳ್ಳೆಯವನೇ, ಆದರೆ ಅವನ ತಾಯಿಯ ಎದುರು ಬಾಯಿ ಬಿಡುವವನಲ್ಲ. ಮಕ್ಕಳಿಬ್ಬರು ಸ್ಕೂಲಿಗೆ ಹೋಗುವಷ್ಟಾದ ಮೇಲೆ ಮಗಳಿಗೆ ಮುಟ್ಟು ನಿಲ್ಲದೆ ಹೋಗತೊಡಗಿತು. ತಿಂಗಳೆಲ್ಲ ರಕ್ತ. ನಾನು ನೋಡಲು ಹೋದಾಗ ಅವಳ ಮುಖ ಸುಣ್ಣ ಬಳಿದ ಹಾಗಿತ್ತು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ನೋಡಿ, "ಗರ್ಭಕೋಶದಲ್ಲಿ ಗಡ್ಡೆ ಇದೆ, ಆಪರೇಷನ್ ಆಗ್ಬೇಕು. ಮೈಯಲ್ಲಿ ರಕ್ತಾನೇ ಇಲ್ಲ, ತಡ ಮಾಡ್ಬೇಡಿ" ಎಂದರು.

ತಡ ಮಾಡಿದ್ದು ಬೀಗಿತ್ತಿ. "ಅಮ್ಮನ್ನ ಒಂದ್ಮಾತು ಕೇಳ್ದೆ ಕತ್ತರಿ ಹಾಕ್ಸೋದಾ? ನಮ್ಮನೇಲಿ ಆ ಪದ್ಧತಿ ಇಲ್ಲ."

ಅಮ್ಮ ಎಂದರೆ ಅವರ ಮನೆದೇವರು. ಕೇಳುವುದೆಂದರೆ ಹೂವು ಕೇಳುವುದು. ಪೂಜಾರಿ ಹೂವುಗಳನ್ನು ನೀರಲ್ಲಿ ಅದ್ದಿ ಕಲ್ಲಿನ ಮೂರ್ತಿಯ ಮೈಮೇಲೆಲ್ಲ ಅಂಟಿಸುತ್ತಾನೆ. ಕೈಮುಗಿದು, ಇಂಥ ಕೆಲಸ ಆಗಬಹುದೇ ಎಂದು ಕೇಳಿ ಕೂರಬೇಕು. ಬಲಗಡೆಯ ಹೂವು ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ. ನಮ್ಮ ಕಡೆ ಮದುವೆಗೆ, ಮನೆ ಕಟ್ಟುವುದಕ್ಕೆ, ಬೋರ್‌ವೆಲ್ ಕೊರೆಸುವುದಕ್ಕೆ ಎಲ್ಲದಕ್ಕೂ ಹೀಗೇ ಕೇಳುತ್ತಾರೆ. ನಾನೂ ಬೇಕಾದಷ್ಟು ಸಲ ಕೇಳಿದವಳೇ. ಆ ದಿನವೂ ನಂಬಿಯೇ ಹೋಗಿದ್ದೆ.

ಮಂಗಳವಾರ ಬೆಳಿಗ್ಗೆ ಹೋದೆವು. ಮಗಳನ್ನು ಗುಡಿಯ ಒಳಗೆ ಬಿಡಲಿಲ್ಲ. ಮೈಲಿಗೆ. ನಿಲ್ಲದ ಮುಟ್ಟು ತಾನೇ, ಹಾಗಾಗಿ ಅವಳಿಗೆ ಮೈಲಿಗೆಯೂ ನಿಲ್ಲುವಂತಿರಲಿಲ್ಲ. ದೂರದ ಬೇವಿನ ಮರದ ಕೆಳಗೆ ಒಂದು ಕಲ್ಲಿನ ಮೇಲೆ ಕೂತಿದ್ದಳು. ಅವಳ ಜೀವದ ಪ್ರಶ್ನೆಯನ್ನು ಅವಳನ್ನು ಹೊರಗಿಟ್ಟು ಉಳಿದವರು ಕೇಳುತ್ತಿದ್ದೆವು. ಬೀಗಿತ್ತಿ ರೇಷ್ಮೆ ಸೀರೆ ಉಟ್ಟು ಬಂದಿದ್ದರು, ಮಡಿ ಎಂದು. ಆ ಬಟ್ಟೆ ಹೇಗಾಗುತ್ತದೆ ಎಂದು ನನಗೆ ಗೊತ್ತು. ಗೂಡಿನೊಳಗೆ ಜೀವ ಇರುವಾಗಲೇ ಬಿಸಿನೀರಿಗೆ ಹಾಕಿ ಬೇಯಿಸುವುದೇ ನನ್ನ ಹೊಟ್ಟೆಪಾಡು. ಒಂದು ಸೀರೆಗೆ ಎಷ್ಟು ಹುಳು ಬೇಯಬೇಕೋ, ಅದು ಮಡಿ. ಮಕ್ಕಳನ್ನು ಹೆತ್ತ ಜಾಗದಿಂದ ರಕ್ತ ಹೋದರೆ ಮೈಲಿಗೆ. ಅಲ್ಲಿ ಕೂತಾಗ ಈ ಮಾತು ತಲೆಗೆ ಬಂತು. ಬಂದ ಕೂಡಲೇ ತಪ್ಪಾಯಿತು ತಾಯಿ ಎಂದು ಕೆನ್ನೆಗೆ ಹೊಡೆದುಕೊಂಡೆ.

ಬಹಳ ಹೊತ್ತು ಯಾವ ಹೂವೂ ಅಲ್ಲಾಡಲಿಲ್ಲ. ಆಮೇಲೆ ಎಡಭುಜದಿಂದ ಒಂದು ಸೇವಂತಿಗೆ ಜಾರಿ ಬಿತ್ತು.

"ಅಮ್ಮ ಬೇಡ ಅಂತಾಳೆ" ಎಂದ ಪೂಜಾರಿ.

"ವದ್ದಂಟುಂದಿ ತಲ್ಲಿ" ಎಂದು ಬೀಗಿತ್ತಿ ತೆಲುಗಿನಲ್ಲಿ ಅದನ್ನೇ ಹೇಳಿಕೊಂಡು ಕೈ ಮುಗಿದರು.

ಹೊರಗಿನಿಂದ ಮಗಳು ಕೂಗಿದಳು, "ಏನಂತಮ್ಮಾ?"

ನಾನು ಪೂಜಾರಿಗೆ, "ಇನ್ನೊಂದ್ಸಲ ಕೇಳಿ ಸ್ವಾಮಿ" ಎಂದೆ.

"ಹಂಗೆಲ್ಲ ಮತ್ತೆ ಮತ್ತೆ ಕೇಳ್ಬಾರ್ದಕ್ಕಾ" ಎಂದರು ಬೀಗಿತ್ತಿ. "ಬರೋ ಅಮಾವಾಸ್ಯೆಗೆ ನೋಡಣ."

"ನಿಮ್ಮ ಬೋರ್‌ವೆಲ್‌ಗೆ ಎಷ್ಟ್ಸಲ ಕೇಳಿದ್ರಿ? ಬಲಕ್ಕೆ ಬೀಳೋಗಂಟ ಕೇಳಿದ್ರಿ ಅಂತ ನೀವೇ ಹೇಳಿದ್ರಲ್ಲಕ್ಕಾ."

"ಅದು ನೀರಿನ ವಿಷ್ಯ."

"ಇದು?"

"ಇದು ಹೆಣ್ಣೆಂಗ್ಸಿನ ವಿಷ್ಯ. ಸ್ವಲ್ಪ ದಿನ ತಡ್ಕೊಂಡ್ರೆ ಏನಾಯ್ತದೆ?"

ಆ ಗಳಿಗೆ ನನಗೆ ದೇವರ ಮೇಲೆ ಸಿಟ್ಟು ಬರಲಿಲ್ಲ. ಲೆಕ್ಕ ಮಾತ್ರ ಹೊಳೆಯಿತು. ನಮಗೆ ಬೇಕಾದ ಕಡೆ ಬಿದ್ದರೆ ದೇವರ ಮಾತು, ಬೇಡದ ಕಡೆ ಬಿದ್ದರೆ ಮತ್ತೆ ಕೇಳು. ಅಂದರೆ ಹೇಳುವವರು ನಾವೇ, ಹೂವಿನ ಬಾಯಿಂದ ಹೇಳಿಸುತ್ತಿದ್ದೆವು. ಬೀಗಿತ್ತಿಗೆ ನೀರು ಬೇಕಿತ್ತು, ಸೊಸೆಯ ಆಪರೇಷನ್ ಅಷ್ಟಾಗಿ ಬೇಕಿರಲಿಲ್ಲ. ನನಗೆ ಮಗಳು ಬೇಕಿತ್ತು. ಎರಡನೆಯ ಸಲವೂ ಎಡಕ್ಕೆ ಬಿದ್ದಿದ್ದರೆ ನಾನು ಸುಮ್ಮನಾಗುತ್ತಿದ್ದೆನೇ? ಇಲ್ಲ. ಹಾಗಿದ್ದ ಮೇಲೆ ಕೇಳುವುದು ಯಾಕೆ?

ಎದ್ದು ಹೊರಗೆ ಬಂದೆ. "ಏಳೇ, ಬಸ್ಸಿಗೆ ಹೋಗಣ" ಎಂದೆ ಮಗಳಿಗೆ.

"ಹೂವು ಏನಾಯ್ತು?"

"ಬಿತ್ತು."

"ಯಾವ ಕಡೆ?"

"ಏಳೇ ಅಂದ್ರೆ!"

ಹಿಂದಿನಿಂದ ಬೀಗಿತ್ತಿ, "ಎದುರು ಹಾಕ್ಕೊಂಡು ಹೋಗ್ತಿದೀರಾ, ನಾಳೆ ಏನಾದ್ರೂ ಆದ್ರೆ ನಮ್ಮನ್ನ ಕೇಳ್ಬೇಡಿ" ಎಂದು ಕೂಗುತ್ತಿದ್ದರು. ಮಗಳು ನನ್ನ ಹೆಗಲ ಮೇಲೆ ಭಾರ ಹಾಕಿ ನಡೆದಳು. ಭಾರವೇನು ಬಂತು, ಇದ್ದದ್ದೇ ಅಷ್ಟು.

ಧೈರ್ಯವಾಗಿ ಹೋದೆ ಎಂದು ಯಾರೂ ತಿಳಿಯಬೇಡಿ. ಚಿಕ್ಕಬಳ್ಳಾಪುರ ತಲುಪುವವರೆಗೂ ಬಸ್ಸು ಒಂದು ಹಳ್ಳಕ್ಕೆ ಇಳಿದು ಎದ್ದರೂ ಅಮ್ಮ ಹಿಂದೆ ಬಂದಳು ಅನ್ನಿಸುತ್ತಿತ್ತು. ಆಸ್ಪತ್ರೆಯಲ್ಲಿ ಮೊದಲು ಎರಡು ದಿನ ರಕ್ತ ಏರಿಸಿದರು. ಬೂತಿನಿಂದ ಕಾರ್ಖಾನೆಗೆ ಫೋನ್ ಮಾಡಿ ಅಳಿಯನಿಗೆ ಸುದ್ದಿ ಮುಟ್ಟಿಸಿದೆ. ಪಾಳಿ ಬಿಟ್ಟು ಬಂದು ಸಹಿ ಹಾಕಿದ. ಮನೆಯಲ್ಲಿ ತಾಯಿಗೆ ಏನು ಹೇಳಲಿ ಎಂದು ಕೇಳಿದ. "ಅವ್ಳು ನಿನ್ನ ಹೆಂಡ್ತಿ ಅಂತ ಹೇಳಪ್ಪ" ಎಂದೆ.

ಮಗಳನ್ನು ಆಪರೇಷನ್ ಕೋಣೆಗೆ ಕರೆದುಕೊಂಡು ಹೋದ ಮೇಲೆ ಬೆಂಚಿನ ಮೇಲೆ ಕೂತೆ. ಅಭ್ಯಾಸಕ್ಕೆ ಕೈ ತಾನಾಗಿ ಮುಗಿಯಿತು. ಯಾರಿಗೆ ಮುಗಿಯುವುದು? ಬೇಡ ಎಂದವಳಿಗೇ ಕಾಪಾಡು ಎನ್ನುವುದೇ? ಕೈ ಬಿಟ್ಟೆ. ಆಗ ನನ್ನ ಗಂಡುಮಗು ನೆನಪಾಯಿತು.

ಈ ಮಗಳಿಗಿಂತ ಮುಂಚೆ ಹುಟ್ಟಿದ್ದ ಮಗು ಅದು. ಮಾತು ಕಲಿಯುವ ವಯಸ್ಸಿನಲ್ಲಿ ವಾಂತಿಭೇದಿ ಬಂದು ಹೋಯಿತು. ಅದಕ್ಕೆ ಸ್ವಲ್ಪ ಮುಂಚೆ ನಮ್ಮ ಊರಿನ ಗುಡಿಯಲ್ಲಿ ದೀಪ ಹೊತ್ತು ನಿಂತಿದ್ದಾಗ ನನಗೆ ದಿನ ಬರುವ ಮೊದಲೇ ಮುಟ್ಟಾಗಿತ್ತು. ಅದಕ್ಕೇ ದೇವತೆ ಮುನಿದು ಮಗುವನ್ನು ತೆಗೆದುಕೊಂಡಳು ಎಂದು ಊರೆಲ್ಲ ಹೇಳಿತು, ಗಂಡನೂ ಹೇಳಿದ. ನಾನೂ ಹೌದು ಎಂದುಕೊಂಡೇ ಇಷ್ಟು ವರ್ಷ ಬದುಕಿದೆ. ಯಾರದಾದರೂ ಕೂಸು ಎತ್ತಿಕೊಳ್ಳುವುದಕ್ಕೂ ಹೆದರುತ್ತಿದ್ದೆ.

ಆ ಬೆಂಚಿನ ಮೇಲೆ ಅದನ್ನು ಮೊದಲ ಸಲ ಎಳೆ ಎಳೆಯಾಗಿ ಬಿಚ್ಚಿ ನೋಡಿದೆ. ಆ ಬೇಸಿಗೆಯಲ್ಲಿ ನಮ್ಮ ಬೀದಿಯಲ್ಲಿ ಬೇರೆ ಮಕ್ಕಳೂ ವಾಂತಿಭೇದಿಯಲ್ಲೇ ಹೋದವು. ಎಲ್ಲರೂ ಒಂದೇ ಬಾವಿಯ ನೀರು ಕುಡಿಯುತ್ತಿದ್ದೆವು. ಆ ತಾಯಂದಿರೆಲ್ಲ ಮುಟ್ಟಾಗಿ ಗುಡಿಯೊಳಗೆ ನಿಂತಿದ್ದರೇ? ಇನ್ನೊಂದು. ಪಕ್ಕದ ಮನೆಯವಳು ಗೊತ್ತಿಲ್ಲದೆ ನನ್ನ ಅಡುಗೆಮನೆ ತುಳಿದಳೆಂದು ನಾನು ಅವಳ ಕೂಸಿನ ಕತ್ತು ಹಿಸುಕಿದರೆ ಊರು ನನ್ನನ್ನು ಏನು ಮಾಡುತ್ತದೆ? ಯಾರದಾದರೂ ಹೊಸಲು ತುಳಿಯಲು ಬಿಡುತ್ತದೆಯೇ? ದೇವತೆ ಅದೇ ಕೆಲಸ ಮಾಡಿದರೆ ತಂಬಿಟ್ಟಿನ ಆರತಿ. ಹಾಗೆ ಮಾಡಿದ್ದೇ ನಿಜವಾದರೆ ಅವಳು ಕೈ ಮುಗಿಸಿಕೊಳ್ಳಲು ಲಾಯಕ್ಕಿಲ್ಲ. ಮಾಡಿಲ್ಲವೆಂದರೆ, ನನ್ನ ಮಗುವನ್ನು ಯಾರೂ ತೆಗೆದುಕೊಳ್ಳಲಿಲ್ಲ. ಕೆಟ್ಟ ನೀರು ಕುಡಿದು ಹೋಯಿತು, ಅಷ್ಟೇ.

ಯಾರೂ ತೆಗೆದುಕೊಳ್ಳಲಿಲ್ಲ. ಈ ಮಾತನ್ನು ಮೆಲ್ಲಗೆ ಬಾಯಿಬಿಟ್ಟೇ ಹೇಳಿಕೊಂಡೆ. ಎದುರು ಕೂತಿದ್ದ ಸಾಬರ ಹೆಂಗಸು, "ಕ್ಯಾ ಅಮ್ಮಾ, ಏನ್ ಹೇಳಿದ್ರಿ?" ಎಂದಳು. ಅವಳ ಸೊಸೆಗೆ ಹೆರಿಗೆ. ಕೈಯಲ್ಲಿ ಜಪದ ಮಣಿ ಎಣಿಸುತ್ತಿದ್ದಳು.

"ಏನಿಲ್ಲ, ಹೊಟ್ಟೆ ಹಸಿದೈತೆ" ಎಂದೆ. ನಿಜವಾಗಿ ಹಸಿದಿತ್ತು. ಗುಡಿಗೆ ಹೋದ ದಿನದಿಂದ ನನಗೆ ಊಟ ಸೇರಿರಲಿಲ್ಲ. ಅವಳು ಡಬ್ಬಿ ಬಿಚ್ಚಿ ರೊಟ್ಟಿ ಕೊಟ್ಟಳು. "ನಿಮ್ಮ ಮಗಳಿಗೂ ದುವಾ ಮಾಡ್ತೀನಿ" ಎಂದಳು. ಮಾಡಮ್ಮ ಎಂದೆ. ಅವಳ ದುವಾ ಅವಳದು. ರೊಟ್ಟಿ ಮಾತ್ರ ನಾನು ಪೂರ್ತಿ ತಿಂದೆ. ಅಷ್ಟು ಹಗುರಾಗಿ ನಾನು ಯಾವತ್ತೂ ಉಂಡಿರಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಮಾರನೆಯ ದಿನ ಬೀಗಿತ್ತಿ ಕುಂಕುಮದ ಪೊಟ್ಟಣ ಹಿಡಿದು ಬಂದರು. ಸೊಸೆಯ ಹಣೆಗೆ ಇಟ್ಟು, "ಅಮ್ಮ ಕಾಪಾಡಿದ್ಲು" ಎಂದು ಕಣ್ಣೊರೆಸಿಕೊಂಡರು.

"ಬೇಡ ಅಂದಿದ್ಲಲ್ಲಕ್ಕಾ?"

"ಪರೀಕ್ಷೆ ಮಾಡಿದ್ಲು."

"ಬಲಕ್ಕೆ ಬಿದ್ದಿದ್ರೆ?"

"ಅಪ್ಪಣೆ ಕೊಟ್ಟಂಗೆ."

"ಯಾವ್ದೂ ಬೀಳ್ದೆ ಇದ್ದಿದ್ರೆ?"

"ನಿಮ್ಮತ್ರ ಮಾತಾಡಕ್ಕಾಗಲ್ಲ ಬಿಡಿ" ಎಂದರು ಬೀಗಿತ್ತಿ. ಅಳಿಯ ಗೋಡೆಯ ಕಡೆ ತಿರುಗಿ ನಕ್ಕ. ಆಟದಲ್ಲಿ ಸೋಲುವುದಕ್ಕೂ ಒಂದು ದಾರಿ ಇರಬೇಕು. ಯಾವ ಕಡೆ ಬಿದ್ದರೂ ಆ ಅಮ್ಮನೇ ಗೆಲ್ಲುವುದಾದರೆ ಹೂವಿನಿಂದ ನಮಗೆ ಏನು ತಿಳಿದ ಹಾಗಾಯಿತು?

ಕೇಳುವವರಿಗೆ ಇದನ್ನೂ ಹೇಳಿಬಿಡುತ್ತೇನೆ. ಮಗಳು ಉಳಿದಳು, ಆದ್ದರಿಂದ ದೇವರಿಲ್ಲ ಎಂದು ನಾನು ಹೇಳುತ್ತಿಲ್ಲ. ಹಾಗೆಂದರೆ ನಾನೂ ಹೂವೇ ಕೇಳಿದ ಹಾಗೆ. ಅವಳು ಆಸ್ಪತ್ರೆಯಲ್ಲೇ ತೀರಿಹೋಗಿದ್ದರೂ ನನ್ನ ಮಾತು ಇದೇ ಆಗಿರಬೇಕು. ಎದೆ ಒಡೆದುಕೊಳ್ಳುತ್ತಿದ್ದೆ, ನಿಜ. ಆದರೆ ನನಗೆ ಶಿಕ್ಷೆಯಾಯಿತು ಎಂದು ಅಂದುಕೊಳ್ಳಬೇಕಾಗಿರಲಿಲ್ಲ. ಕಷ್ಟ ಬರುವುದಂತೂ ಬರುತ್ತದೆ. ಆ ಕಷ್ಟದ ಮೇಲೆ ನಾನೇನು ತಪ್ಪು ಮಾಡಿದೆ ಎಂಬ ಇನ್ನೊಂದು ಕಷ್ಟವನ್ನು ಹೊರುವುದು ಈಗ ತಪ್ಪಿದೆ. ನೀವು ಬಿಡಿ ಎಂದು ಯಾರಿಗೂ ಹೇಳುವವಳಲ್ಲ. ಕೈ ಮುಗಿಯುವುದರಿಂದ ಸಮಾಧಾನ ಆಗುತ್ತಿದ್ದರೆ ಮುಗಿಯಿರಿ. ಹೆದರಿ ಮುಗಿಯುತ್ತಿದ್ದರೆ ಮಾತ್ರ, ಯಾರಿಗೆ ಹೆದರುತ್ತಿದ್ದೇನೆ, ಅವರು ನಿಜವಾಗಿ ಅಷ್ಟು ಕೆಟ್ಟವರೇ ಎಂದು ಒಂದು ಸಲ ಕೇಳಿಕೊಳ್ಳಿ.

ಮಗಳು ಬಾಣಂತಿಯ ಹಾಗೆ ನನ್ನ ಮನೆಯಲ್ಲೇ ಇದ್ದು ಮೈ ತುಂಬಿಕೊಂಡಳು. ಊರಿಗೆ ಹೊರಡುವ ಬೆಳಿಗ್ಗೆ ಅವಳಿಗೆ ಸೇವಂತಿಗೆ ಮುಡಿಸಿದೆ. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಳು, ಹೂವು ಜಾರಿ ಬಿತ್ತು. ಇಬ್ಬರೂ ಅದನ್ನೇ ನೋಡುತ್ತ ನಿಂತೆವು.

"ಯಾವ ಕಡೆ ಬಿತ್ತಮ್ಮಾ?" ಎಂದಳು.

"ನೆಲದ ಕಡೆ" ಎಂದೆ.

ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕಳು. ಹೂವನ್ನು ಎತ್ತಿ, ಧೂಳು ಊದಿ, ಮತ್ತೆ ಮುಡಿಸಿ ಬಸ್ಸು ಹತ್ತಿಸಿದೆ.