ಅಜ್ಜಿಗಾಗಿ ಬದಲಾದ ನಾಲ್ಕು

ಅಪ್ಪ ತೀರಿಕೊಂಡ ಮರುವರ್ಷ, ತೊಂಬತ್ತರ ದಶಕದ ಕೊನೆಯಲ್ಲಿ, ಅವ್ವನನ್ನು ಧಾರವಾಡದಿಂದ ವಿಲಾಯತಿಗೆ, ಎಜ್‌ವೇರ್‌ನ ನಮ್ಮ ಮನೆಗೆ ಕರೆಸಿಕೊಂಡೆವು. ಸೀರೆಯ ಮೇಲೆ ನನ್ನ ಗಂಡನ ಸ್ವೆಟರ್ ಹಾಕಿಕೊಂಡು ಕಿಟಕಿಯ ಪಕ್ಕ ಕೂತರೆ ಊಟಕ್ಕೆ ಕರೆಯುವ ತನಕ ಏಳುತ್ತಿರಲಿಲ್ಲ. ಅಪ್ಪನ ಮಾತನ್ನು ಅವಳು ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಹೀಗೇ ಕೂತರೆ ಮೊಣಕಾಲು ಹಿಡಿದುಕೊಳ್ಳುತ್ತವೆ ಎಂದು ಡಾಕ್ಟರಾಗಿದ್ದ ನನ್ನ ಗಂಡ ಒಂದು ವ್ಯಾಯಾಮ ಹೇಳಿಕೊಟ್ಟರು. ಕುರ್ಚಿಯಲ್ಲಿ ಕೂತು ಕಾಲನ್ನು ನೇರವಾಗಿ ಎತ್ತುವುದು, ಇಳಿಸುವುದು. “ಆಗ್ಲಿ ತಗೋರಿ” ಎಂದಳು ಅವ್ವ. ಮಾಡಲಿಲ್ಲ.

ಮಾಡಿಸಿದ್ದು ನನ್ನ ಪುಟ್ಟ ಮಗಳು. ಅವಳಿಗೆ ಕನ್ನಡ ತಿಳಿಯುತ್ತಿತ್ತು, ಬಾಯಿಂದ ಬರುತ್ತಿದ್ದುದು ಮಾತ್ರ ಇಂಗ್ಲಿಷ್. ಶನಿವಾರ ಕ್ವೀನ್ಸ್‌ಬರಿಯ ಒಂದು ಹಾಲ್‌ನಲ್ಲಿ ಜೂಡೊ ಕಲಿಯುತ್ತಿದ್ದಳು. ಕಲಿಸುತ್ತಿದ್ದವರು ಜಪಾನಿನವರು, ಅಲ್ಲಿನ ಕಸರತ್ತೆಲ್ಲ ಜಪಾನಿ ಎಣಿಕೆಯಲ್ಲೇ. ಅದನ್ನೇ ಅಜ್ಜಿಯ ಕಾಲಿಗೂ ಹಚ್ಚಿದಳು. “ಇಚಿ, ನಿ, ಸನ್, ಶಿ...” ಹತ್ತರ ತನಕ ಬಲಗಾಲು, ಹತ್ತರಿಂದ ಹಿಂದಕ್ಕೆ ಎಣಿಸುತ್ತ ಎಡಗಾಲು. ಅವ್ವ ಮೊದಮೊದಲು ಮೊಮ್ಮಗಳ ಆಟಕ್ಕೆಂದು ಕಾಲೆತ್ತಿದಳು. ಆಮೇಲೆ ತಾನೂ ಜೊತೆಗೆ ಎಣಿಸತೊಡಗಿದಳು.

ಒಂದು ಸಂಜೆ ಕಾಲನ್ನು ಅರ್ಧಕ್ಕೇ ನಿಲ್ಲಿಸಿ ಕೇಳಿದಳು: “ಅಲ್ಲ ಕೂಸ, ಏರಬೇಕಾದ್ರ ನಾಕಕ್ಕ ಶಿ ಅಂದಿ, ಇಳೀಬೇಕಾದ್ರ ಯೊನ್ ಅಂತಿ. ಏಳಕ್ಕೂ ಹಂಗ, ಒಮ್ಮೆ ಶಿಚಿ, ಒಮ್ಮೆ ನಾನಾ. ಯಾವುದು ಖರೆ?”

ಶನಿವಾರ ಮಗಳು ಟೀಚರನ್ನೇ ಕೇಳಿದಳು. ಆಕೆ ಅವಳ ಎತ್ತರಕ್ಕೆ ಮಂಡಿಯೂರಿ ಕೂತು ಹೇಳಿದರು: ಎರಡೂ ಖರೆಯೇ. ಒಂದು ಚೀನಾದಿಂದ ಬಂದ ಹೆಸರು, ಇನ್ನೊಂದು ನಮ್ಮದೇ ಹಳೆಯದು. ಏರುವಾಗ ಶಿ, ಇಳಿಯುವಾಗ ಯೊನ್ ಅನ್ನುವುದು ರೂಢಿ. ಆದರೆ ಸಾವಿಗೂ ‘ಶಿ’ ಎಂದೇ ಅನ್ನುತ್ತೇವೆ. ಅದಕ್ಕೇ ಎಷ್ಟೋ ಕಡೆ ಆ ಶಬ್ದ ಬೇಡವೆಂದು ಯೊನ್ ಅನ್ನುತ್ತೇವೆ.

ಬಸ್ಸಿನಲ್ಲಿ ಮಗಳು ಬೆರಳು ಮಡಚುತ್ತ ತನ್ನಷ್ಟಕ್ಕೇ ಎಣಿಸುತ್ತಿದ್ದಳು. ಸಂಜೆ ಅಜ್ಜಿಯ ಮುಂದೆ ಕೂತು ಶುರುಮಾಡಿದಳು: “ಇಚಿ, ನಿ, ಸನ್, ಯೊನ್.”

“ತಪ್ಪಿದಿ ನೋಡು. ಏರಬೇಕಾದ್ರ ಶಿ.”

“ನೋ ಅಜ್ಜಿ. ಯೊನ್.”

“ಶಿ ಅಲ್ಲೇನು?”

ಮಗಳು ಎದ್ದು ಅಡುಗೆಮನೆಗೆ ಓಡಿಬಂದು ನನ್ನ ಸೊಂಟ ತಬ್ಬಿಕೊಂಡಳು. “ಡೋಂಟ್ ಟೆಲ್ ಹರ್, ಅಮ್ಮಾ. ಅಜ್ಜಿ ವಿಲ್ ರಿಮೆಂಬರ್ ಅಜ್ಜ” ಎಂದು ಪಿಸುಗುಟ್ಟಿದಳು. ಗೋಡೆ ಹಿಡಿದುಕೊಂಡು ಅವ್ವ ಹಿಂದೆಯೇ ಬಂದಳು. “ಏನಾತು? ನಾ ಏನ್ ಅಂದೆ?”

ಏನಾದರೂ ನೆವ ಹೇಳಬಹುದಿತ್ತು. ಆದರೆ ಮಗಳು ಹಾಗೆ ತಬ್ಬಿಕೊಂಡಿರುವಾಗ ಸುಳ್ಳು ಬಾಯಿಗೆ ಬರಲಿಲ್ಲ. “ಆ ಶಬ್ದಕ್ಕ ಸಾವು ಅಂತನೂ ಅರ್ಥ ಅದ ಅಂತ, ಅವ್ವಾ. ನಿನ್ನ ಮುಂದ ಅನ್ನಬಾರದು ಅಂತ ಬಿಟ್ಟಾಳ.”

ಅವ್ವ ಕುರ್ಚಿ ಎಳೆದುಕೊಂಡು ಕೂತಳು. ಆಮೇಲೆ ಮೊಮ್ಮಗಳನ್ನು ತೊಡೆಗೆ ಎಳೆದುಕೊಂಡಳು.

“ನಮ್ಮತ್ತೀನೂ ನಿನ್ನಂಗ. ಜ್ವಾಳಾ ಅಳೆಯೂ ಮುಂದ ಎಂದೂ ‘ಒಂದು’ ಅಂದಾಕಿ ಅಲ್ಲ. ಛಲೋ ಆಗ್ಲಿ ಅಂತ ‘ಲಾಭ’ ಅಂತಿದ್ಲು, ಆಮ್ಯಾಲೆ ಎರಡು, ಮೂರು. ನಿಮ್ಮಜ್ಜ ಸಣ್ಣವರಿದ್ದಾಗ ಅದನ್ನ ಕೇಳಿ ಕೇಳಿ, ಸಾಲ್ಯಾಗೂ ‘ಲಾಭ, ಎರಡು, ಮೂರು’ ಅಂದ್ರಂತ. ಮಾಸ್ತರು ಕಿವಿ ಹಿಂಡಿದ್ರಂತ.”

ಮಗಳು ಕಣ್ಣೊರೆಸಿಕೊಂಡು ತಲೆಯೆತ್ತಿದಳು. “ಅಜ್ಜಾ... ಅತ್ತಾ?” ಎಂದಳು, ಕನ್ನಡದಲ್ಲಿ.

“ಅಳಲಿಕ್ಕೆ ಎಲ್ಲಿ ಬಂತು! ‘ನಮ್ಮವ್ವನ್ನ ಕೇಳ್ರಿ’ ಅಂದ್ರಂತ.”

ಹೇಳಿ ಅವ್ವ ನಕ್ಕಳು. ನಗುತ್ತಿದ್ದಂತೆಯೇ ಅವಳಿಗೆ ಅಳು ಬಂತು. ನಾನು ಒಲೆ ಆರಿಸಿ ಅವಳ ಪಕ್ಕ ಕೂತೆ. ಅಪ್ಪ ಹೋದ ಮೇಲೆ ನಾವಿಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು. ನಡುವೆ ಮಗಳು ಇಬ್ಬರ ಕೈಯನ್ನೂ ಹಿಡಿದು ಕೂತಿದ್ದಳು.

ಅಂದಿನಿಂದ ಕಾಲೆತ್ತುವ ಹೊತ್ತು ಅಜ್ಜನ ಕತೆಯ ಹೊತ್ತಾಯಿತು. ಕತೆ ಉದ್ದವಾದ ದಿನ ವ್ಯಾಯಾಮ ಹಿಂದೆ ಬೀಳುತ್ತಿತ್ತು. ನನ್ನ ಗಂಡ ಆಕ್ಷೇಪಿಸಿದರೆ, “ಕಾಲು ಎಲ್ಲಿ ಓಡಿ ಹೋಗ್ತಾವ್ರಿ?” ಎನ್ನುತ್ತಿದ್ದಳು ಅವ್ವ. ಒಂದು ಬೆಳಿಗ್ಗೆ ಯಾರೂ ಹೇಳದೆಯೇ ಸ್ವೆಟರಿನ ಗುಂಡಿ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಅಂಗಡಿಗೆ ಹೋಗಿ ಮೆಂತ್ಯ ಸೊಪ್ಪು ತರಬೇಕಂತೆ, ನಾನು ತರುವುದು ಬಾಡಿರುತ್ತದಂತೆ.