ಬ್ಯಾಟರಿ ನೆಟ್ಟಗ ಹಿಡಿಯುವ ವಿಶಾಖಾ

ಬೆಳಗಿನ ಐದೂ ಮುಕ್ಕಾಲು. ತಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯಲ್ಲಿ, ದ್ರಾಕ್ಷಿ ತೋಟದ ತಂತಿಬೇಲಿಯ ಪಕ್ಕ, ಒಂದು ಹಳೆಯ ಮೊಪೆಡ್ ನಿಂತುಬಿಟ್ಟಿದೆ. ಜನವರಿಯ ಚಳಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅದರ ಮುಂದೆ ಕುಕ್ಕರುಗಾಲಲ್ಲಿ ಕುಳಿತವರು ವಿಶಾಖಾ. ಮಫ್ಲರ್ ಸುತ್ತಿಕೊಂಡು ಟಾರ್ಚ್ ಹಿಡಿದು ನಿಂತವರು ಅವರ ಗಂಡ ಶಿವಾಜಿ. ಟಾರ್ಚಿಗೆ ಈ ಕಡೆ ಬ್ಯಾಟರಿ ಎನ್ನುತ್ತಾರೆ.

"ಪ್ಲಗ್ ಇಲ್ಲೈತಿ. ನೀವು ಬೇವಿನ ಗಿಡಕ್ಕ ಬ್ಯಾಟರಿ ಬಿಡಾಕತ್ತೀರಿ."

"ಏನೋ ಸಪ್ಪಳಾತು, ನೋಡಿದೆ."

"ಸಪ್ಪಳ ಆಮ್ಯಾಲ ನೋಡೂಣು. ನೆಟ್ಟಗ ಹಿಡೀರಿ."

ಪ್ಲಗ್ಗಿಗೆ ಕೆಸರು ಸಿಡಿಯಬಾರದೆಂದು ವಿಶಾಖಾ ತಾವೇ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಒಂದು ಮರೆ ಕೂಡಿಸಿದ್ದಾರೆ. ಅದರ ಎರಡು ಸ್ಕ್ರೂ ಬಿಚ್ಚಿ, ಚೀಲದಿಂದ ಅಡುಗೆಮನೆಯ ಮಸಾಲೆ ಡಬ್ಬಿಯೊಂದನ್ನು ತೆಗೆದು, ಅದರ ಒಂದು ಬಟ್ಟಲಿಗೆ ಹಾಕುತ್ತಾರೆ. ಪ್ಲಗ್ ಬಿಚ್ಚಿ, ಮಸಿ ಕೆರೆದು, ಊದಿ, ಮತ್ತೆ ಕೂಡಿಸುತ್ತಾರೆ. ಶಿವಾಜಿಗೆ ಚಳಿ ಹೆಚ್ಚಾಗಿ ಬೆಳಕು ಮತ್ತೊಮ್ಮೆ ತೋಟದ ಕಡೆ ಹೊರಳುತ್ತದೆ. "ಆತಿಲ್ಲೋ? ಸಂತಿ ಹತ್ತತೈತಿ" ಎಂಬ ಅವರ ಅವಸರದಲ್ಲಿ ಕೆಲಸ ಮುಗಿದು, ಎರಡನೆಯ ಒದೆತಕ್ಕೆ ಗಾಡಿ ಚಾಲೂ ಆಗುತ್ತದೆ. ಮುಂದೆ ವಿಶಾಖಾ, ಹಿಂದೆ ಶಿವಾಜಿ, ನಡುವೆ ನಟ್ಟು ಬಿಚ್ಚುವ ಪಾನಾ, ತಂತಿ ಹಿಡಿಯುವ ಪಕ್ಕಡಗಳ ಗೋಣಿಚೀಲ. ಮುಂದಿನ ಮಡ್‌ಗಾರ್ಡ್ ಮೇಲಿನ 'ಜೈಭೀಮ್' ಸ್ಟಿಕರ್ ಮಾತ್ರ ಹೊಸದು. ಉಳಿದದ್ದೆಲ್ಲ ಒಂದಿಲ್ಲೊಂದು ಸಲ ಬಿಚ್ಚಿ ಕೂಡಿಸಿದ್ದು.

ನಲವತ್ನಾಲ್ಕು ವರ್ಷದ ವಿಶಾಖಾ ವಾರದ ಐದು ದಿನ ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಕಾಳು ಆರಿಸುತ್ತಾರೆ. ಬಬಲೇಶ್ವರದ ಸಂತೆಯ ದಿನ ಮಾತ್ರ ಬಸ್‌ ನಿಲ್ದಾಣದ ಹತ್ತಿರದ ಕಟ್ಟೆಯ ಮೇಲೆ ಗೋಣಿಚೀಲ ಹಾಸಿ ಕೂಡುತ್ತಾರೆ. ಕೆಟ್ಟ ಮಿಕ್ಸರ್, ಇಸ್ತ್ರಿ, ಕುಕ್ಕರ್, ಟೇಬಲ್ ಫ್ಯಾನ್, ಮೊಪೆಡ್ ಹೊತ್ತು ಜನ ಬರುತ್ತಾರೆ. ಬಂದವರಿಗೆ ಮೊದಲು ಆಗುವುದು ನಿರಾಶೆ. ಏಕೆಂದರೆ ವಿಶಾಖಾ ರಿಪೇರಿ ಮಾಡುವುದಿಲ್ಲ.

ಇಪ್ಪತ್ತು ರೂಪಾಯಿ ಕೊಟ್ಟರೆ ಕೂಡಲು ಜಾಗ, ಹಿಡಿಯಲು ಪಾನಾ, ಕೇಳಲು ಬೈಗುಳ ಸಿಗುತ್ತವೆ. ಬಿಚ್ಚುವವರು, ಒರೆಸುವವರು, ಕೂಡಿಸುವವರು ವಸ್ತುವಿನ ಮಾಲೀಕರೇ. ವಿಶಾಖಾ ಎದುರಿಗೆ ಕುಳಿತು ಎಲ್ಲಿ ನೋಡಬೇಕೋ ಅಲ್ಲಿಗೆ ಬ್ಯಾಟರಿ ಬಿಡುತ್ತಾರೆ, ಅಷ್ಟೇ.

"ಹನ್ನೊಂದು ವರ್ಷ ನಾ ಬರೇ ಬ್ಯಾಟರಿ ಹಿಡಿದಾಕಿ ರಿ" ಎನ್ನುತ್ತಾರೆ. ಶಿವಾಜಿ ಆಗ ಬಬಲೇಶ್ವರ–ವಿಜಯಪುರ ನಡುವೆ ಜೀಪ್ ಓಡಿಸುತ್ತಿದ್ದರು. ಜೀಪಿರಲಿ, ಮನೆಯ ಫ್ಯಾನಿರಲಿ, ಅವರ ಕೈಗೆ ಪಾನಾ, ಹೆಂಡತಿಯ ಕೈಗೆ ಬ್ಯಾಟರಿ. ಬೆಳಕು ಒಂದು ಬೆರಳು ಆಚೆ ಸರಿದರೂ ಬೈಗುಳ. ಎಂಟು ವರ್ಷದ ಹಿಂದೆ ಇಂಜಿನ್ ಚಾಲೂ ಇದ್ದಾಗ ಶಿವಾಜಿಯ ಬಲಗೈ ಫ್ಯಾನ್ ಬೆಲ್ಟಿಗೆ ಸಿಕ್ಕಿತು. ಮೂರು ಬೆರಳು ಇಂದಿಗೂ ಮಡಚುವುದಿಲ್ಲ. ಎರಡು ತಿಂಗಳು ಜೀಪ್ ಬಾಗಿಲ ಮುಂದೆ ನಿಂತಿತು.

"ನಾ ಜೀಪಿನ ಮುಂದ ಹೋಗಿ ನಿಂತೆ. ಎಲ್ಲಾ ಕಂಡಿದ್ದೆ. ಯಾವ ನಟ್ಟು ಮೊದಲು, ಯಾವುದು ಆಮ್ಯಾಲ, ಎಲ್ಲಾ ಗೊತ್ತಿತ್ತು. ಆದ್ರ ತಿರುವಿದ ಕೂಡಲೇ ಪಾನಾ ಜಾರಿತು ನೋಡ್ರಿ, ನಟ್ಟು ಒಳಗ ಬಿತ್ತು. ಕಂಡಾಕಿಗೆ ಮುಟ್ಟಾಕ ಬರಲಿಲ್ಲ. ಬಿಚ್ಚಿ ಬಿಚ್ಚೇ ಕಲಿತೆ. ಅವತ್ತಿನಿಂದ ಯಾರ ವಸ್ತಾನೂ ನಾ ಮುಟ್ಟೂದಿಲ್ಲ. ನಾ ಮುಟ್ಟಿದ್ರ ಅವರು ಬರೇ ನೋಡ್ತಾರ. ನನ್ನಂಗ ಹನ್ನೊಂದು ವರ್ಷ ನೋಡ್ತಾರ."

"ನಾ ಕಲಿಸಿದ್ದು" ಎಂದು ಶಿವಾಜಿ ನಡುವೆ ಸೇರಿಸುತ್ತಾರೆ.

"ಹೌದ್ರಿ, ಬೈದು ಬೈದು ಕಲಿಸ್ಯಾರ."

ಏಳೂವರೆಗೆ ಕಟ್ಟೆಯ ಮೊದಲ ಗಿರಾಕಿ ಬರುತ್ತಾರೆ. ಬಬಲೇಶ್ವರದವರೇ ಆದ ಮುರಿಗೆವ್ವ, ವಯಸ್ಸು ಐವತ್ತೆರಡು. ಬಗಲಲ್ಲಿ ಮಿಕ್ಸರ್, ಒಂದು ಕೈಯಲ್ಲಿ ಸ್ಟೀಲ್ ಡಬ್ಬಿ, ಇನ್ನೊಂದರಲ್ಲಿ ಚೀಲ. ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಒಂದು ಖಾನಾವಳಿಗೆ ಆರು ವರ್ಷದಿಂದ ಶೇಂಗಾ ಹಿಂಡಿ ಮಾಡಿ ಒಯ್ಯುತ್ತಾರೆ. ಮನೆ ನಡೆಯುವುದು ಆ ಚಟ್ನಿಪುಡಿಯ ಮೇಲೆ. ನಿನ್ನೆ ಸಂಜೆ ಅರ್ಧ ಹಿಂಡಿ ಆಗುವಷ್ಟರಲ್ಲಿ ಮಿಕ್ಸರ್ ನಿಂತಿದೆ. ಉಳಿದ ಎರಡು ಕಿಲೋ ಹುರಿದ ಶೇಂಗಾ, ಖಾರ, ಬೆಳ್ಳುಳ್ಳಿ ಚೀಲದಲ್ಲೇ ಇವೆ. ಈ ತಿಂಗಳಲ್ಲಿ ಮಿಕ್ಸರ್ ಕೆಟ್ಟು ಎರಡು ಸಲ ಹಿಂಡಿ ತಪ್ಪಿದೆ. ಮೂರನೆಯ ಸಲ ತಪ್ಪಿದರೆ ಪ್ಯಾಕೆಟ್ ಹಿಂಡಿ ತರಿಸುವುದಾಗಿ ಖಾನಾವಳಿಯ ಸಿದ್ದರಾಮ ಹೇಳಿಬಿಟ್ಟಿದ್ದಾರೆ. ಇಂದು ಹತ್ತೂವರೆಯೊಳಗೆ ಮುಟ್ಟಿಸಬೇಕು. ಅದಕ್ಕೆ ಒಂಬತ್ತೂ ಕಾಲಿನ ಬಸ್ ಹಿಡಿಯಬೇಕು.

"ಅಂಗಡ್ಯಾಗ ತೋರಿಸಿದೆ ತಂಗಿ. ಮೋಟರ್ ಸುಟ್ಟೈತಿ, ಹೊಸಾದು ತೊಗೋ ಅಂದ್ರು."

"ಮೂಸಿ ನೋಡ್ರಿ ಅಕ್ಕಾ."

"ಏನಂದಿ?"

"ತಳಾ ಮೂಸಿ ನೋಡ್ರಿ. ಮೋಟರ್ ಸುಟ್ರ ನಾತ ಬರ್ತೈತಿ."

ಮುರಿಗೆವ್ವ ಅತ್ತಿತ್ತ ನೋಡಿ, ಮಿಕ್ಸರ್ ಎತ್ತಿ ಮೂಸುತ್ತಾರೆ. "ಶೇಂಗಾದ ವಾಸನಿ ಬರ್ತೈತಿ."

"ಹಂಗಾದ್ರ ಸುಟ್ಟಿಲ್ಲ. ಕೂಡ್ರಿ."

ಮುರಿಗೆವ್ವ ಕೂಡುವುದಿಲ್ಲ. ಮಿಕ್ಸರನ್ನು ವಿಶಾಖಾರ ಮುಂದಿಟ್ಟು ಕೈ ಮುಗಿಯುತ್ತಾರೆ. "ನೀನ ಬಿಚ್ಚು ಯವ್ವಾ. ಐವತ್ತು ತೊಗೋ. ನಾ ಕರೆಂಟಿನ ವಸ್ತಾ ಒಂದ ದಿನ ಬಿಚ್ಚಿಲ್ಲ." ವಿಶಾಖಾ ಸ್ಕ್ರೂಡ್ರೈವರನ್ನು ಹಿಡಿಕೆಯ ಕಡೆಯಿಂದ ಅವರತ್ತ ಚಾಚುತ್ತಾರೆ. ಕೈ ಹಿಂತೆಗೆಯುವುದಿಲ್ಲ. ಪಕ್ಕದ ಚಹಾದಂಗಡಿಯ ಪೀರಾಂಬಿಗೆ ಈ ನೋಟ ಹೊಸದಲ್ಲ. "ಹಿಡೀ ಬೇ ಮುರಿಗೆವ್ವಾ, ಅಕಿ ಬಿಡಾಕಿ ಅಲ್ಲ. ನನ್ನ ಕೈಲೆ ಸ್ಟೋವ್ ಮೂರು ಸಲ ಬಿಚ್ಚಿಸ್ಯಾಳ" ಎಂದು ಅಲ್ಲಿಂದಲೇ ಕೂಗುತ್ತಾರೆ. ಶಿವಾಜಿ ಮಾತ್ರ ಗಿರಾಕಿಯ ಪರ: "ಬಸ್ಸಿಗೆ ಹೋಗೂದೈತಿ ಅಕಿಗೆ. ಇವತ್ತೊಂದಿನ ನೀ ಮಾಡಿ ಕೊಡಬಾರದಾ?"

"ಇವತ್ತು ಮಾಡಿ ಕೊಡ್ತೇನಿ. ಮುಂದಿನ ತಿಂಗಳ ನೀವು ಮಾಡಿ ಕೊಡ್ತೀರಿ?"

ಶಿವಾಜಿ ಚಹಾ ಕುಡಿಯಲು ಎದ್ದು ಹೋಗುತ್ತಾರೆ.

ಕಟ್ಟೆಗೆ ಎರಡೇ ನಿಯಮ. ಒಂದು, ವಸ್ತುವಿನ ಕರೆಂಟ್ ಪಿನ್ನಿನ ಮೇಲೆ ವಿಶಾಖಾ ಸ್ವತಃ ಕೂಡುತ್ತಾರೆ. ತೊಡೆಯ ಕೆಳಗೆ ಪಿನ್ ಇರುವವರೆಗೆ ಯಾರೂ ಮರೆತು ಅದನ್ನು ಬೋರ್ಡಿಗೆ ಚುಚ್ಚಲಾರರು. ಎರಡು, ಬಿಚ್ಚಿದ ಸ್ಕ್ರೂ ಮಸಾಲೆ ಡಬ್ಬಿಗೇ ಬೀಳಬೇಕು. ಏಳು ಬಟ್ಟಲಿಗೂ ಅಡುಗೆಮನೆಯ ಹೆಸರೇ ಉಳಿದಿದೆ. ಮೊದಲು ಬಿಚ್ಚಿದ್ದು ಸಾಸಿವೆಗೆ, ಆಮೇಲಿನದು ಜೀರಿಗೆಗೆ, ಹೀಗೆ ಅರಿಸಿನದವರೆಗೆ. ಕೂಡಿಸುವಾಗ ಅರಿಸಿನದಿಂದ ಹಿಂದಕ್ಕೆ. ಓದು ಬಾರದವರೂ ಈ ಕ್ರಮ ತಪ್ಪುವುದಿಲ್ಲ.

ಮುರಿಗೆವ್ವರ ಸ್ಕ್ರೂಡ್ರೈವರ್ ಎರಡು ಸಲ ಜಾರುತ್ತದೆ. ತಳದ ಸ್ಕ್ರೂಗಳು ಒಂದೊಂದಾಗಿ ಸಾಸಿವೆಯ ಬಟ್ಟಲಿಗೆ ಬೀಳುತ್ತವೆ. ತಳ ಕಳಚಿದಾಗ, ಆರು ವರ್ಷದ ಹಿಂಡಿಯ ಎಣ್ಣೆಜಿಡ್ಡು ಕೆಂಪಗೆ ಮೆತ್ತಿಕೊಂಡದ್ದು ಕಾಣುತ್ತದೆ. "ಅಯ್ಯ ಶಿವನ, ಇಷ್ಟು ಹೊಲಸಾ!" ಎಂದು ಮುರಿಗೆವ್ವ ಮೊದಲ ಬಾರಿಗೆ ಕರೆಂಟಿನ ಭಯ ಮರೆಯುತ್ತಾರೆ. ಹೊಲಸು ಅವರಿಗೆ ಪರಿಚಿತ ಶತ್ರು. ಬಟ್ಟೆ ಕೇಳಿ ಪಡೆದು ಒರೆಸತೊಡಗುತ್ತಾರೆ. ವಿಶಾಖಾರ ಬೆಳಕು ಮೋಟರಿನ ಬದಿಗೆ ಸರಿದು ನಿಲ್ಲುತ್ತದೆ. ಅಲ್ಲಿ, ಸೀಸದ ಕಡ್ಡಿಯ ತುಂಡಿನಂಥ ಎರಡು ಕಾರ್ಬನ್‌ಗಳು ಸವೆದು ಅಕ್ಕಿಕಾಳಿನಷ್ಟಾಗಿವೆ.

"ಇದ ರೋಗ. ಕರೆಂಟ್ ಒಳಗ ಮುಟ್ಟಾಂಗಿಲ್ಲ. ಜೋಡಿಗೆ ಮೂವತ್ತು ರೂಪಾಯಿ."

"ಮೂವತ್ತ! ಅಂಗಡ್ಯಾಂವ ಮೂರೂವರಿ ಸಾವಿರದ್ದು ತೋರಿಸ್ಯಾನ."

"ಅವಂಗೂ ಮನಿ ಐತಲ್ರಿ" ಎನ್ನುತ್ತಾರೆ ವಿಶಾಖಾ.

ಒಂದು ಸಂತೆಯಲ್ಲಿ ಹದಿನಾಲ್ಕು, ಹದಿನೈದು ವಸ್ತುಗಳು ಹೀಗೆ ತೆರೆದುಕೊಳ್ಳುತ್ತವೆ. ಹತ್ತರಲ್ಲಿ ಎಂಟು ಬದುಕುತ್ತವೆ. ಅವುಗಳಲ್ಲಿ ಅರ್ಧಕ್ಕೆ ಬೇಕಾದದ್ದು ಬರೀ ಒರೆಸುವುದು. ಉಳಿದ ಎರಡನ್ನು ಮಾಲೀಕರು ಸತ್ತ ಸ್ಥಿತಿಯಲ್ಲೇ ವಿಶಾಖಾರಿಗೆ ಬಿಟ್ಟುಹೋಗುತ್ತಾರೆ. ಅವುಗಳ ತಂತಿ, ಸ್ಪ್ರಿಂಗ್, ಸ್ಕ್ರೂ ಬೇರೆಯವುಗಳೊಳಗೆ ಬಾಳುತ್ತವೆ. ಗಿರಾಕಿಗಳು ತಿರುಗಿ ಬರುವುದು ಕಡಿಮೆ. ಕಲಿತವರು ಮನೆಯಲ್ಲೇ ಬಿಚ್ಚಿಕೊಳ್ಳುತ್ತಾರೆ. ದಂಧೆಯ ದೃಷ್ಟಿಯಿಂದ ಇಷ್ಟು ಕೆಟ್ಟ ದಂಧೆ ಬಬಲೇಶ್ವರದಲ್ಲಿ ಇನ್ನೊಂದಿರಲಾರದು.

ಎಂಟೂ ಮುಕ್ಕಾಲಿಗೆ ಹೊಸ ಕಾರ್ಬನ್ ಕೂತು, ತಳ ಮುಚ್ಚಿ, ವಿಶಾಖಾ ಪಿನ್ನಿನ ಮೇಲಿಂದ ಏಳುತ್ತಾರೆ. ಪೀರಾಂಬಿಯ ಅಂಗಡಿಯ ಬೋರ್ಡಿಗೆ ಚುಚ್ಚಿದರೆ ಮಿಕ್ಸರ್ ಗುರ್ ಎನ್ನುತ್ತದೆ. ಮುರಿಗೆವ್ವ ತಾವು ಹೆತ್ತದ್ದೇ ಅತ್ತಿತೇನೋ ಎಂಬಂತೆ ನಗುತ್ತಾರೆ. ಜಾರಿಗೆ ಶೇಂಗಾ ಸುರಿಯಬೇಕು, ಅಷ್ಟರಲ್ಲಿ ವಿಶಾಖಾ ಡಬ್ಬಿಯ ಕಡೆ ನೋಡುತ್ತಾರೆ. ಸಾಸಿವೆಯ ಬಟ್ಟಲಲ್ಲಿ ಒಂದು ಸ್ಕ್ರೂ ಉಳಿದಿದೆ.

"ನಿಲ್ರಿ ಅಕ್ಕಾ. ಎಷ್ಟು ಬಿಚ್ಚಿದ್ರಿ?"

"ಎಣಿಸಿಲ್ಲ ತಂಗಿ. ಕರೆಂಟಿನ ಅಂಜಿಕಿ ಇತ್ತು."

ತಳದ ನಾಲ್ಕೂ ತೂತು ಭರ್ತಿ ಇವೆ. ಅಂದರೆ ಇದು ಒಳಗಿನದು. ಒಳಗಿನ ಸ್ಕ್ರೂ ತಪ್ಪಿ ಸಾಸಿವೆಗೆ ಬಿದ್ದಿರಬೇಕು.

"ತಿರುಗಾಕತ್ತೈತಲ್ಲ ತಂಗಿ! ಒಂದು ಸ್ಕ್ರೂ ಇಲ್ಲಂದ್ರ ಏನಾಕ್ಕೈತಿ?"

"ಮೋಟರ್ ಅಳ್ಳಾಡಿ ಮಧ್ಯಾಹ್ನ ಬಿಚ್ಚಿ ಬೀಳ್ತೈತಿ. ಆಗ ಖರೇನ ಸುಡ್ತೈತಿ. ಬಿಚ್ಚರಿ."

ಮುರಿಗೆವ್ವ ಬಸ್ ನಿಲ್ದಾಣ ನೋಡುತ್ತಾರೆ, ಮಿಕ್ಸರ್ ನೋಡುತ್ತಾರೆ, ಕೊನೆಗೆ ಕಣ್ಣು ತುಂಬಿಕೊಂಡೇ ಕೂಡುತ್ತಾರೆ. ಈ ಸಲ ಸ್ಕ್ರೂಡ್ರೈವರ್ ಜಾರುವುದಿಲ್ಲ. ಸಿಟ್ಟಿನಲ್ಲಿರುವವರಿಗೆ ಕರೆಂಟಿನ ಭಯ ನೆನಪಿರುವುದಿಲ್ಲ. ತಳ ಮತ್ತೆ ಕಳಚುತ್ತದೆ. ಬೆಳಕು ಮೂಲೆ ಮೂಲೆ ಹುಡುಕುತ್ತದೆ. ಒಳಗೆ ಖಾಲಿ ತೂತು ಒಂದೂ ಇಲ್ಲ. ಇನ್ನೊಮ್ಮೆ ಹುಡುಕುತ್ತದೆ. ಇಲ್ಲ. ಒಂಬತ್ತೂ ಕಾಲಿನ ಬಸ್ ಬಂದು, ಜನರನ್ನು ತುಂಬಿಕೊಂಡು, ಹಾರ್ನ್ ಬಾರಿಸಿ ಹೊರಟುಹೋಗುತ್ತದೆ. ಸಂತೆಯ ದಿನ ಜೀಪುಗಳು ಊರಿಗೆ ತುಂಬಿ ಬರುತ್ತವೆ. ಮರಳಿ ತುಂಬುವವರೆಗೆ ಅಲ್ಲಾಡುವುದಿಲ್ಲ.

ಆಗ ಮೊಪೆಡ್ಡಿಗೆ ಒರಗಿ ನಿಂತಿದ್ದ ಶಿವಾಜಿ ಕೆಳಗೆ ಬಗ್ಗಿ ನೋಡಿ, ಬಹಳ ಸಣ್ಣ ದನಿಯಲ್ಲಿ ಹೇಳುತ್ತಾರೆ: "ವಿಶಾಖಾ, ಈ ತಗಡು ಒಂದ ಸ್ಕ್ರೂನ್ಯಾಗ ಜೋತಾಡಾಕತ್ತೈತಲ್ಲ."

ಪ್ಲಗ್ಗಿನ ಮರೆಯ ಆ ಸ್ಕ್ರೂ ಮೊಪೆಡ್ಡಿನದಲ್ಲ. ಯಾರೋ ಬಿಟ್ಟುಹೋದ, ಮೂರು ವರ್ಷದ ಹಿಂದೆ ಕೆಟ್ಟು ಸತ್ತ ಮಿಕ್ಸರಿನದು. ಆದ್ದರಿಂದಲೇ ಎಂಟು ವರ್ಷ ಪಳಗಿದ ವಿಶಾಖಾರ ಕಣ್ಣಿಗೂ ಗುರುತು ಸಿಗಲಿಲ್ಲ. ಬೆಳಗಿನ ಕತ್ತಲಲ್ಲಿ ಎರಡು ಬಿಚ್ಚಿ ಸಾಸಿವೆಗೆ ಹಾಕಿದ್ದರು. ಅವಸರದಲ್ಲಿ ಒಂದನ್ನೇ ಕೂಡಿಸಿದ್ದರು. ವಿಶಾಖಾ ಉಳಿದ ಸ್ಕ್ರೂ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾರೆ.

"ತಪ್ಪು ನಂದ ಅಕ್ಕಾ" ಎನ್ನುತ್ತಾರೆ ಆಮೇಲೆ.

"ನಾ ಬ್ಯಾಟರಿ ನೆಟ್ಟಗ ಹಿಡಿದಿದ್ರ..." ಎಂದು ಶಿವಾಜಿ ಆರಂಭಿಸುತ್ತಾರೆ. ಹೆಂಡತಿಯ ಮುಖ ನೋಡಿ ಜೋತ ತಗಡನ್ನು ನೆಟ್ಟಗೆ ಮಾಡತೊಡಗುತ್ತಾರೆ.

ಮುರಿಗೆವ್ವ ಬೈಯುತ್ತಾರೆ ಎಂದು ಸುತ್ತ ನಿಂತವರೆಲ್ಲ ಕಾಯುತ್ತಾರೆ. ಅವರಿಗೆ ಬೈಯಲು ಪುರಸೊತ್ತಿಲ್ಲ. ತಳವನ್ನು ತಾವೇ ಮುಚ್ಚುತ್ತಿದ್ದಾರೆ, ಯಾರೂ ಹೇಳದೆ. ಪೀರಾಂಬಿಯ ಅಂಗಡಿಯಲ್ಲಿ ಮಿಕ್ಸರ್ ಚಾಲೂ ಆಗುತ್ತದೆ. ವಿಶಾಖಾ ಬೆಳ್ಳುಳ್ಳಿ ಸುಲಿಯುತ್ತಾರೆ, ಪೀರಾಂಬಿ ಜಾರು ಬಳಿದು ಕೊಡುತ್ತಾರೆ. ಒಂಬತ್ತೂವರೆಯ ಹೊತ್ತಿಗೆ ಕಟ್ಟೆಯ ಸುತ್ತಲೂ ಹಿಂಡಿಯ ಘಮ. ಸಂತೆಗೆ ಬಂದವರು ಅಂಗಡಿ ಎಲ್ಲೆಂದು ಕೇಳತೊಡಗಿದ್ದಾರೆ. ಮುರಿಗೆವ್ವರನ್ನು ವಿಜಯಪುರಕ್ಕೆ ಮುಟ್ಟಿಸಲು ವಿಶಾಖಾ ಮೊಪೆಡ್ ಚಾಲೂ ಮಾಡಿದ್ದಾರೆ.

"ಗಿರಾಕಿ ಬಂದ್ರ?" ಶಿವಾಜಿ ಕೇಳುತ್ತಾರೆ.

"ಪಿನ್ನಿನ ಮ್ಯಾಲ ಕೂಡ್ರಿ. ಬ್ಯಾಟರಿ ನಾ ಒಯ್ತೇನಿ, ನಿಮಗ ಮೊಬೈಲ್ ಐತಿ. ಬೇವಿನ ಗಿಡ ನೋಡಬ್ಯಾಡ್ರಿ."

ವಿಜಯಪುರದ ದಾರಿಯಲ್ಲಿ ಎರಡು ಹೆಂಗಸರು, ಒಂದು ಸ್ಟೀಲ್ ಡಬ್ಬಿ, ಟಣ್ ಟಣ್ ಎನ್ನುವ ಒಂದು ತಗಡು. ಗಾಡಿ ಎಲ್ಲೂ ನಿಲ್ಲುವುದಿಲ್ಲ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಗೆ ಹೊರಳಿದಾಗ ಹತ್ತು ಇಪ್ಪತ್ತೆರಡು. ಸಿದ್ದರಾಮ ಗೋಡೆಯ ಗಡಿಯಾರ ನೋಡುತ್ತಾರೆ, ಡಬ್ಬಿಯ ಮುಚ್ಚಳ ತೆಗೆದು ಚಿಟಿಕೆ ಹಿಂಡಿ ಬಾಯಿಗೆ ಹಾಕಿಕೊಳ್ಳುತ್ತಾರೆ.

"ಮಿಕ್ಸರ್ ಹೊಸಾದು ತೊಗೊಂಡೆ ಏನು ಮುರಿಗೆವ್ವ?"

"ಯಾಕ್ರಿ ಸಾವಕಾರ್ರ? ಹಳೇದ ಐತಿ. ಎರಡು ಸಲ ಬಿಚ್ಚಿ ಬಂದೀನಿ ಮುಂಜಾನಿ."

"ಯಾರ ಕೈಲೆ ಬಿಚ್ಚಿಸಿದಿ?"

"ನನ್ನ ಕೈಲೆ" ಎನ್ನುತ್ತಾರೆ ಮುರಿಗೆವ್ವ. ಸಿದ್ದರಾಮ ನಾಡಿದ್ದಿಗೆ ಆರು ಕಿಲೋ ಹೇಳಿ ಒಳಗೆ ಹೋಗುತ್ತಾರೆ.

ಹೊರಗೆ ಗಾಡಿಯ ಹತ್ತಿರ ವಿಶಾಖಾ ಸೆರಗಿನ ಗಂಟು ಬಿಚ್ಚಿ ಆ ಸ್ಕ್ರೂ ತೆಗೆಯುತ್ತಾರೆ. ಮುರಿಗೆವ್ವರ ಕೈ ಈಗ ಸುಮ್ಮನಿರದು, ಅವರೇ ಹಾಕಿಕೊಡುತ್ತಾರೇನೋ ಎಂದು ಸ್ಕ್ರೂಡ್ರೈವರನ್ನು ಅವರತ್ತ ಚಾಚುತ್ತಾರೆ. ಮುರಿಗೆವ್ವ ಅದನ್ನು ಮುಟ್ಟುವುದಿಲ್ಲ.

"ಗಾಡಿ ನಿಂದು. ನೀನ ಹಾಕು. ನಾ ಬ್ಯಾಟರಿ ಹಿಡೀತೇನಿ."

ನೆತ್ತಿಗೇರುತ್ತಿರುವ ಬಿಸಿಲಲ್ಲಿ ಬ್ಯಾಟರಿಯ ಬೆಳಕು ಕಾಣುವುದೂ ಇಲ್ಲ. ಆದರೂ ಮುರಿಗೆವ್ವ ಬಗ್ಗಿ, ಎರಡೂ ಕೈಯಿಂದ ಹಿಡಿದು ನಿಂತಿದ್ದಾರೆ. ವಿಶಾಖಾ ರಸ್ತೆಯ ಮೇಲೆ ಕುಕ್ಕರಿಸಿ ಸ್ಕ್ರೂ ತಿರುಗಿಸುತ್ತಾರೆ. ತಗಡಿನ ಸಪ್ಪಳ ನಿಲ್ಲುತ್ತದೆ. ಇನ್ನೇನಾದರೂ ಬೇಕೇ ಎಂದು ಮುರಿಗೆವ್ವ ಕೇಳಿದರೆ, ಗಾಡಿಯ ಸಲುವಾಗಿ ಇನ್ನೊಂದು ಮಸಾಲೆ ಡಬ್ಬಿ ಬೇಕು ಎನ್ನುತ್ತಾರೆ. ಗಿರಾಕಿಯ ಸಾಸಿವೆಗೆ ಗಾಡಿಯ ಸಾಸಿವೆ ಕೂಡಬಾರದು. ಆಮೇಲೆ ತಲೆ ಎತ್ತಿ ಮುರಿಗೆವ್ವರ ಕೈ ನೋಡುತ್ತಾರೆ.

"ಹನ್ನೊಂದು ವರ್ಷ ನಾ ಹಿಡಿದೆ, ಎಂಟು ವರ್ಷ ಅವರು ಹಿಡಿದ್ರು" ಎನ್ನುತ್ತಾರೆ. "ಇಷ್ಟು ನೆಟ್ಟಗ ಯಾರೂ ಹಿಡಿದಿರಲಿಲ್ಲ ರಿ."