ಗಂಜಿ ಹಾಕದ ಕಂಬಳಿ

ಕಳೆದ ವಾರ ಒಂದು ಹಳೆಯ ಕರಿ ಕಂಬಳಿ ನನ್ನ ಕೈ ಸೇರಿತು. ನಾನು ಮೊದಲು ಮಾಡಿದ ಕೆಲಸವೆಂದರೆ ಅದನ್ನು ಮೂಗಿಗೆ ಹಿಡಿದದ್ದು. ಕುರಿಯ ವಾಸನೆ ಇತ್ತು, ಒಲೆ ಹೊಗೆಯ ವಾಸನೆ ಇತ್ತು. ಹುಣಸೆ ಬೀಜದ ಗಂಜಿಯ ವಾಸನೆ ಮಾತ್ರ ಇರಲಿಲ್ಲ. ಮತ್ತೆ ಮತ್ತೆ ಮೂಸಿ ನೋಡಿದೆ. ಶಾಲೆಯ ಕೆಲಸದಿಂದ ನಿವೃತ್ತಳಾಗಿ ಮಧುಗಿರಿಯ ಮನೆಯಲ್ಲಿ ಪೇಪರ್ ಓದಿಕೊಂಡಿರುವ ನನ್ನಂಥವಳು ಒಂದು ಕಂಬಳಿಯನ್ನು ಹಾಗೆ ಮೂಸಬಾರದು. ಮೂಸಿದೆ, ಏನು ಮಾಡಲಿ.

ಕಂಬಳಿ ನಮ್ಮ ಪಕ್ಕದ ಮನೆಯ ಅಜ್ಜಿಯದು. ಮಿಡಿಗೇಶಿ ಬೆಟ್ಟ ಕಾಣುವಷ್ಟು ದೂರದ ನಮ್ಮೂರಿಗೆ ಅವಳು ಪಾವಗಡದ ಕಡೆಯಿಂದ ಮದುವೆಯಾಗಿ ಬಂದಿದ್ದಳು. ಅದಕ್ಕೇ ನನ್ನನ್ನು ಮಗು ಎನ್ನುವ ಬದಲು ತೆಲುಗಿನಲ್ಲಿ ‘ಬಿಡ್ಡಾ’ ಎಂದೇ ಕರೆಯುತ್ತಿದ್ದಳು. ಅವರದು ಕುರಿ ಕಾಯುವ, ಕಂಬಳಿ ನೇಯುವ ಮನೆ. ಮಾರುವ ಕಂಬಳಿಗೆಲ್ಲ ಹುಣಸೆ ಬೀಜ ರುಬ್ಬಿ ಕಾಯಿಸಿದ ಗಂಜಿ ಬಳಿಯಬೇಕು, ಆಗಲೇ ಅದು ಗಟ್ಟಿಯಾಗಿ ಸೆಟೆದು ನಿಲ್ಲುವುದು. ಆ ಬೀಜ ರುಬ್ಬುತ್ತಲೇ ನಾನು ಬೆಳೆದೆ ಎಂದರೂ ಸರಿಯೇ. ಆದರೆ ಒಂದೇ ಒಂದು ಕಂಬಳಿಗೆ ಅವಳು ಗಂಜಿ ಮುಟ್ಟಿಸುತ್ತಿರಲಿಲ್ಲ. ಅದು ತವರಿನಿಂದ ತಂದದ್ದು. ಅವಳ ತಾಯಿ, ತಾಯಿಯ ತಾಯಿ, ಅವರಿಗೂ ಹಿಂದಿನವರು, ಒಬ್ಬೊಬ್ಬರೂ ತಾವೇ ನೂತ ಉಣ್ಣೆಯಿಂದ ಒಂದೊಂದು ಪಟ್ಟಿ ಸೇರಿಸಿದ್ದು. ಆ ಮನೆತನದ ಹೆಣ್ಣುಮಕ್ಕಳ ಬೆರಳಿನಲ್ಲಿ ಏನಿತ್ತೋ ಕಾಣೆ... ಅದರ ಮೇಲೆ ಕೂತವರ ಬಾಯಿಂದ ಸುಳ್ಳು ಹೊರಡುತ್ತಿರಲಿಲ್ಲ.

ನಗುವವರು ನಗಲಿ. ಟಗರು ಕದ್ದವನೊಬ್ಬ ಅದರ ಮೇಲೆ ಕೂತು, ಮಾತು ಸಿಕ್ಕಿಕೊಂಡು, ಬೆವರಿ, ಕೊನೆಗೆ ಟಗರನ್ನು ಯಾವ ಸಂತೆಯಲ್ಲಿ ಮಾರಿದೆ ಎಂದು ಒದರಿದ್ದನ್ನು ನಾನೇ ನೋಡಿದ್ದೇನೆ. ನಾನೂ ಎಂಟನೇ ವಯಸ್ಸಿನಲ್ಲಿ ಕೂತು, ‘ಬೆಲ್ಲ ನಾನು ತಿಂದಿಲ್ಲ’ ಎನ್ನಲು ಹೋಗಿ ನಾಲಗೆ ಅಂಗುಳಕ್ಕೆ ಅಂಟಿ ಅತ್ತಿದ್ದೇನೆ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

“ಸುಳ್ಳಿಗೆ ಗಂಜಿ ಬೇಕು ಬಿಡ್ಡಾ, ನೆಟ್ಟಗೆ ನಿಂತ್ಕಣಾಕೆ. ಇದಕ್ಯಾಕೆ?”

ಅವಳಿಗೆ ಹೆಣ್ಣುಮಕ್ಕಳಿರಲಿಲ್ಲ, ಒಬ್ಬನೇ ಮಗ. ಎಪ್ಪತ್ತರ ದಶಕದ ನಡುವೆ ಅವನು ಸಿರಾದಲ್ಲಿ ಓದುತ್ತಿದ್ದ. ರಜೆಗೆ ಬಂದಾಗ ಬಗಲಿಗೊಂದು ಚೀಲ, ಚೀಲದ ತುಂಬ ಕರಪತ್ರ. ಕ್ರಾಂತಿ ಎಂಬ ಮಾತು ನಮ್ಮೂರಿನ ಕಿವಿಗೆ ಮೊದಲು ಬಿದ್ದದ್ದು ಅವನಿಂದಲೇ. ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂದಿತ್ತು. ನಮ್ಮಪ್ಪ ಊರಿನ ಜಮೀನ್ದಾರರ ನಾಲ್ಕೆಕರೆ ಕಡಲೆಕಾಯಿ ಹೊಲವನ್ನು ಇಪ್ಪತ್ತೆರಡು ವರ್ಷ ವಾರಕ್ಕೆ, ಬೆಳೆಯಲ್ಲಿ ಪಾಲು ಕೊಟ್ಟು, ಉತ್ತಿದ್ದ. ಕಾಗದವೊಂದೂ ಇರಲಿಲ್ಲ. ನಾನು ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದ್ದೆ. ಅಜ್ಜಿಯ ಮಗ ಹೇಳಿಕೊಟ್ಟ ಹಾಗೆ ಅರ್ಜಿಯನ್ನು ನಾನೇ ದುಂಡಗೆ ಬರೆದೆ, ಅಪ್ಪ ಹೆಬ್ಬೆಟ್ಟು ಒತ್ತಿದ. ನಮ್ಮ ಮನೆಯಲ್ಲಿ ಅಷ್ಟು ನಗು ಅದಕ್ಕೆ ಮುಂಚೆ ಇರಲಿಲ್ಲ, ಆಮೇಲೂ ಇರಲಿಲ್ಲ.

ಅಷ್ಟರಲ್ಲಿ ತುರ್ತು ಪರಿಸ್ಥಿತಿ ಬಂತು. ಬಡವನಹಳ್ಳಿಯಲ್ಲಿ ಕರಪತ್ರ ಹಂಚುತ್ತಿದ್ದ ಅಜ್ಜಿಯ ಮಗನನ್ನು ಪೊಲೀಸರು ಹಿಡಿದುಕೊಂಡು ಹೋದರು. ಯಾವ ಜೈಲು, ಬದುಕಿದ್ದಾನೋ ಇಲ್ಲವೋ, ಯಾರೂ ಹೇಳಲಿಲ್ಲ. ಅಜ್ಜಿಯ ಕೈಯಲ್ಲಿ ಕದಿರು ತಿರುಗುವುದು ನಿಂತಿತು.

ಹೊಲದ ತನಿಖೆಯ ದಿನ ಹತ್ತಿರ ಬಂದಾಗ ಸಾಕ್ಷಿ ಹೇಳಲು ಊರಿನವರು ಹಿಂಜರಿದರು. ಜಮೀನ್ದಾರರ ಎದುರು ಬಾಯಿ ಬಿಡುವುದು ಹೇಗೆ? ಕೊನೆಗೆ ಹಿರಿಯರು ಒಂದು ಮಾತಿಗೆ ಬಂದರು. ಅಜ್ಜಿಯ ಕಂಬಳಿ ಹಾಸಲಿ, ಅದರ ಮೇಲೆ ಕೂತು ಏನು ಬರುತ್ತದೋ ಅದಕ್ಕೇ ಎಲ್ಲರೂ ಸಾಕ್ಷಿ ಹಾಕುವುದು. ಇಲ್ಲ ಎಂದವನು ಕೂರಬೇಕು, ಹಕ್ಕು ಕೇಳಿದವನು ಕೂರುವಂತಿಲ್ಲ. ಅದು ಹಿಂದಿನಿಂದ ಬಂದ ಕಟ್ಟಳೆ. ಜಮೀನ್ದಾರರು ನಗುತ್ತಲೇ ಒಪ್ಪಿದರು. ನಾನಂತೂ ಕುಣಿದಾಡಿಬಿಟ್ಟೆ. ಆ ನಗುವಿನ ಅರ್ಥ ಹೊಳೆಯಲಿಲ್ಲ.

ಚಾವಡಿಯ ಮುಂದೆ, ಹೊತ್ತೇರುವ ಮುಂಚೆ, ಅಜ್ಜಿ ಕಂಬಳಿ ಹಾಸಿದಳು. ಗಾಳಿ ನನ್ನ ಕಡೆಗೆ ಬೀಸಿತು. ಹುಣಸೆ ಬೀಜದ ಗಂಜಿಯ ವಾಸನೆ... ಮುಖವೆತ್ತಿ ಅಜ್ಜಿಯನ್ನು ನೋಡಿದೆ. ಅವಳೂ ನನ್ನನ್ನು ನೋಡಿದಳು, ಬೇಡ ಎನ್ನುವ ಹಾಗೆ ಒಮ್ಮೆ ತಲೆಯಾಡಿಸಿದಳು. ನಾನು ಸುಮ್ಮನಾದೆ. ಇವಳು ನಮಗೆ ಕೆಟ್ಟದ್ದು ಮಾಡುವವಳಲ್ಲ, ಏನೋ ಕಾರಣವಿರಬೇಕು ಎಂದುಕೊಂಡೆ. ಎಂಥ ಪೆದ್ದಿ ನಾನು!

ಜಮೀನ್ದಾರರು ಚಕ್ಕಳಮಕ್ಕಳ ಹಾಕಿ ಕೂತು, ಒಂದು ಕಡೆಯೂ ತೊದಲದೆ, ಆ ಹೊಲ ತಮ್ಮ ಆಳುಗಳೇ ಉತ್ತದ್ದು, ನಮ್ಮಪ್ಪ ಬರೀ ಕೂಲಿಗೆ ಬರುತ್ತಿದ್ದವನು ಎಂದರು. ಊರಿಗೆ ಊರೇ ನಮ್ಮಪ್ಪನ ಕಡೆ ತಿರುಗಿ ನೋಡಿತು. ಸಾಕ್ಷಿಗಳು ಅವರ ಕಡೆಗೇ ಬಿದ್ದವು, ನಮ್ಮ ಅರ್ಜಿಯೂ ಬಿತ್ತು.

ಮನೆಗೆ ಬಂದ ಅಪ್ಪ ಜಗಲಿಯ ಮೇಲೆ ಕೂತು ತನ್ನ ಅಂಗೈಗಳನ್ನೇ ನೋಡಿಕೊಂಡ.

“ಕಂಬ್ಳಿ ಸುಳ್ಳಾಡಲ್ಲ ಕಣಮ್ಮ. ನಾನೇ ಎಲ್ಲೋ ತಪ್ಪು ತಿಳ್ಕಂಬುಟ್ಟಿದ್ದೆ ಅನ್ಸುತ್ತೆ.”

ಇಪ್ಪತ್ತೆರಡು ವರ್ಷ ಉತ್ತವನು ಆಡುವ ಮಾತೇ ಅದು? ಕಂಬಳಿ ಬೇರೆ ಎಂದು ಕೂಗಿಕೊಂಡೆ. ಆ ತಾಯಿಯ ಮೇಲೆ ಹಾಗೆಲ್ಲ ಹೇಳಬೇಡ ಎಂದು ನನಗೇ ಹೊಡೆದ. ಅಪ್ಪ ನನಗೆ ಹೊಡೆದದ್ದು ಅದೊಂದೇ ಸಲ.

ಎಂಟು ದಿನಕ್ಕೆ ಅಜ್ಜಿಯ ಮಗ ಬಸ್ಸಿಳಿದ. ಜಮೀನ್ದಾರರು ಯಾರಿಗೋ ಹೇಳಿಸಿ ಬಿಡಿಸಿದರಂತೆ. ನಾನು ನೇರ ಅಜ್ಜಿಯ ಮನೆಗೆ ನುಗ್ಗಿದೆ. ಅವಳು ತಲೆ ಎತ್ತಲಿಲ್ಲ.

“ಹೊಲ ಇಲ್ದಿದ್ರೂ ನೀವು ಬದುಕ್ತೀರ ಬಿಡ್ಡಾ. ನನ್ ಮಗ ಒಳಗೇ ಸತ್ತೋಗ್ತಿದ್ದ.”

“ಆಯ್ತು. ಹೊಲ ಹೋಗ್ಲಿ. ಅಪ್ಪಂಗಾದ್ರೂ ನಿಜ ಹೇಳು. ಅವ್ನು ತಾನೇ ಸುಳ್ಳ ಅಂದ್ಕಂಡವ್ನೆ.”

ಅವಳು ಬಾಯಿ ಬಿಡಲಿಲ್ಲ. ಹೇಳಿದರೆ ಅವಳ ಮನೆತನದ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಮಗನನ್ನು ಉಳಿಸಿಕೊಂಡದ್ದು ನನಗೆ ಅರ್ಥವಾಗುತ್ತದೆ, ನಾನೂ ಎರಡು ಮಕ್ಕಳ ತಾಯಿ. ಆದರೆ ಆ ಮೌನ ಮಾತ್ರ ನನಗೆ ಅವಳು ಮಾಡಿದ ದ್ರೋಹ. ಅಪ್ಪ ಅದೇ ಹೊಲಕ್ಕೆ ಕೂಲಿಗೆ ಹೋದ. ಊರವರ ಎದುರು ದನಿ ಎತ್ತುವುದನ್ನೇ ಬಿಟ್ಟ. ಮಳೆ ಬಂತು ಎನ್ನುವುದಕ್ಕೂ ಇನ್ನೊಬ್ಬರ ಮುಖ ನೋಡುತ್ತಿದ್ದ... ಎಂಬತ್ತರ ದಶಕದಲ್ಲಿ, ಹಾಗೇ ಹೋಗಿಬಿಟ್ಟ. ಆ ದಶಕ ಮುಗಿಯುವುದರೊಳಗೆ ಅಜ್ಜಿಯೂ ಹೋದಳು. ನಾನು ಮಣ್ಣಿಗೆ ಹೋಗಲಿಲ್ಲ.

ಕಳೆದ ವಾರ ಕಂಬಳಿ ತಂದವನು ಅವಳ ಮಗನೇ. ತಲೆ ಪೂರ್ತಿ ನರೆತಿದೆ. “ನಿಂಗೇ ಕೊಡು ಅಂದಿದ್ಲು ಅವ್ವ. ಇಷ್ಟ್ ದಿನ ನಂಗೇ ಮುಖ ಇರ್ಲಿಲ್ಲ,” ಎಂದು ಹೇಳಿ, ಕಾಫಿಯನ್ನೂ ಕುಡಿಯದೆ ಹೋದ.

ಅವನು ಹೋದ ಮೇಲೆ ಕಂಬಳಿಯನ್ನು ನಡುಮನೆಯಲ್ಲಿ ಹಾಸಿ ಕೂತೆ. ಅಜ್ಜಿ, ನಿನ್ನನ್ನು ಕ್ಷಮಿಸಿದ್ದೇನೆ ಎನ್ನಲು ಹೊರಟೆ. ನಾಲಗೆ ಅಂಗುಳಕ್ಕೆ ಅಂಟಿತು. ಸರಿ, ನೀನು ನನಗೆ ಏನೂ ಅಲ್ಲ ಎನ್ನಲು ನೋಡಿದೆ. ಅದೂ ಬರಲಿಲ್ಲ.

ಆಮೇಲೆ, “ನಮ್ಮಪ್ಪ ಆ ಹೊಲವನ್ನು ಇಪ್ಪತ್ತೆರಡು ವರ್ಷ ಉತ್ತಿದ್ದ” ಎಂದೆ. ಒಂದಕ್ಷರವೂ ತಡೆಯಲಿಲ್ಲ. ಇನ್ನೊಂದು ಸಲ ಹೇಳಿದೆ, ಜೋರಾಗಿ. ಮನೆಯಲ್ಲಿ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.